ನಾಯಿ, ತಿಪ್ಪೆ ಮತ್ತು ಸಾಲದ ಹಸು

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ, ಸಾಲ, ಬಡ್ಡಿ ಅಂತ ನಾವು ದಿನಾ ಮಾತಾಡ್ತೇವೆ. ಇವತ್ತು ನಾನು ನಾಯಿಯ ವಿಷಯ ಎತ್ತಿದರೆ ನಗಬೇಡಿ. ಮಾತು ಮುಗಿಯುವ ಹೊತ್ತಿಗೆ ಆ ನಾಯಿ ನಿಮ್ಮ ಸಾಲದ ಲೆಕ್ಕದೊಳಗೇ ಬಂದು ಕೂತಿರುತ್ತದೆ.

ನಿಮ್ಮ ಮನೆ ನಾಯಿ ತಿಪ್ಪೆಯಲ್ಲಿ ಸಗಣಿ ತಿನ್ನುವುದನ್ನು ನೀವು ನೋಡಿದ್ದೀರಿ. 'ನಾಯಿ ಬುದ್ಧಿ' ಅಂತ ಸುಮ್ಮನಾಗಿದ್ದೀರಿ. ಆರೋಗ್ಯವಾಗಿರುವ ದನದ ಸಗಣಿಯಿಂದ ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಎರಡು ಸಂದರ್ಭ ನೆನಪಿಡಿ. ಕರುವಿಗೆ ಭೇದಿ ಹತ್ತಿದಾಗ ಅದರ ಸಗಣಿಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ತಿಂದ ನಾಯಿಗೂ ವಾಂತಿ, ಭೇದಿ. ಅದೇ ಬಾಯಲ್ಲಿ ಅದು ನಿಮ್ಮ ಮಗುವಿನ ಕೈ ನೆಕ್ಕುತ್ತದೆ.

ಇನ್ನೊಂದು, ಜಂತುಹುಳಕ್ಕೂ ಉಣ್ಣೆಗೂ ದನಕ್ಕೆ ಹಾಕಿಸುವ ಐವರ್‌ಮೆಕ್ಟಿನ್. ಆ ಔಷಧಿಯ ಹೆಚ್ಚಿನ ಪಾಲು ಸಗಣಿಯಲ್ಲೇ ಹಲವು ದಿನ ಹೊರಬೀಳುತ್ತದೆ. ಕುರಿ ಕಾಯುವ ಕೋಲಿ ಎಂಬ ವಿದೇಶಿ ತಳಿಯ ಅನೇಕ ನಾಯಿಗಳಿಗೆ ಅದು ಹುಟ್ಟಿನಿಂದಲೇ ಒಗ್ಗುವುದಿಲ್ಲ. ಜೊಲ್ಲು ಸುರಿಯುತ್ತದೆ, ಕಾಲು ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಪ್ರಾಣವೂ ಹೋಗಬಹುದು. ಯಾವ ನಾಯಿಗೇ ಆಗಲಿ, ದನದ ಅಳತೆಯ ಔಷಧಿಯನ್ನು ಅಂದಾಜಿನ ಮೇಲೆ ಹಾಕಬೇಡಿ.

ಇದು ದನದಿಂದ ನಾಯಿಗೆ ಬರುವ ಕಷ್ಟ. ನಾಯಿಯಿಂದ ದನಕ್ಕೆ ಬರುವ ಕಷ್ಟ ಇದಕ್ಕಿಂತ ದೊಡ್ಡದು. ಅದಕ್ಕೆ ದಾರಿ ಮಾಡಿಕೊಡುವವರು ನಾವೇ.

ಹಸು ಕರು ಹಾಕಿದ ಮೇಲೆ ಬಿದ್ದ ಮಾಸನ್ನು ಏನು ಮಾಡ್ತೀರಿ? ತಿಪ್ಪೆಗೆ ಎಸೀತೀರಿ, ಇಲ್ಲವೇ ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ತೀರಿ. ಹಸು ದಿನ ತುಂಬದೆ ಕಂದು ಹಾಕಿದರೆ ಆ ಕಂದೂ ತಿಪ್ಪೆಗೇ. ರಾತ್ರಿ ನಾಯಿ ಅದನ್ನು ಎಳೆದುಕೊಂಡು ನಾಲ್ಕು ಮನೆಯ ಅಂಗಳ ದಾಟುತ್ತದೆ. ಹಸು ಕಂದು ಹಾಕಿದ್ದು ಬ್ರೂಸೆಲ್ಲಾ ರೋಗದಿಂದಾಗಿದ್ದರೆ, ಆ ಮಾಸಿನ ತುಂಬ ರೋಗಾಣು. ನಾಯಿಗೂ ರೋಗ ಹತ್ತಬಹುದು. ಅದು ಎಳೆದಾಡಿದ ಕಡೆಯಲ್ಲೆಲ್ಲ ಮೇವು, ನೀರು ಕೆಡುತ್ತದೆ.

ನಿಯೋಸ್ಪೋರಾ ಅಂತ ಇನ್ನೊಂದು ಪರೋಪಜೀವಿ ಇದೆ. 1988ರಲ್ಲಿ ಅದಕ್ಕೆ ಹೆಸರಿಟ್ಟರು. ನಾಯಿಯ ಮಲದಲ್ಲಿ ಅದರ ಬೀಜಾಣು ಬೀಳುತ್ತದೆಂದು 1998ರಲ್ಲಿ ತಿಳಿಯಿತು. ರೋಗದ ಮಾಸು ತಿಂದ ನಾಯಿ ನಿಮ್ಮ ಹುಲ್ಲಿನ ಮೆದೆಯ ಮೇಲೆ ಮಲ ಹಾಕುತ್ತದೆ. ಆ ಹುಲ್ಲು ತಿಂದ ಗಬ್ಬದ ಹಸು ಕಂದು ಹಾಕುತ್ತದೆ. ಹಾಕದೆ ಕರು ಉಳಿದರೂ ತಾಯಿಯಿಂದ ಮಗಳಿಗೆ ಸೋಂಕು ದಾಟಬಹುದು.

ಈಗ ಲೆಕ್ಕಕ್ಕೆ ಬನ್ನಿ. ದಿನಕ್ಕೆ 8 ಲೀಟರಿನಂತೆ 300 ದಿನ ಕರೆಯುವ ಹಸು ಅಂತ ಇಟ್ಟುಕೊಳ್ಳಿ. 2,400 ಲೀಟರು ಹಾಲು. ಏಳನೇ ತಿಂಗಳಲ್ಲಿ ಕಂದು ಹಾಕಿದರೆ ಕರು ಹೋಯಿತು, ಹಾಲಿನ ಬಹುಪಾಲೂ ಹೋಯಿತು. ಹಿಂಡಿ ನಿಲ್ಲುವುದಿಲ್ಲ, ಹುಲ್ಲು ನಿಲ್ಲುವುದಿಲ್ಲ, ಬ್ಯಾಂಕಿನ ಕಂತಂತೂ ನಿಲ್ಲುವುದೇ ಇಲ್ಲ. ಹಸು ಸತ್ತರೆ ವಿಮೆ ಉಂಟು. ಕಂದು ಹಾಕಿದರೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಆಗ ರೈತ ಏನು ಮಾಡ್ತಾನೆ? ಬಾಯಿ ಬಿಡದೆ ಹಸುವನ್ನು ಸಂತೆಗೆ ಹೊಡೀತಾನೆ. ಇನ್ನೊಬ್ಬ ರೈತ ಸಾಲ ಮಾಡಿ ಅದನ್ನೇ ಕೊಳ್ತಾನೆ. ನಮ್ಮ ನಷ್ಟವನ್ನು ನಮ್ಮವನ ಕೊರಳಿಗೇ ಕಟ್ಟಿದ ಹಾಗಾಯಿತು. ಇದು ನಮಗೆ ತರವಲ್ಲ.

ಆದ್ದರಿಂದ ಮಾಸನ್ನೂ ಕಂದನ್ನೂ ಆಳದ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿ. ಮೇಲೆ ಮುಳ್ಳು, ಕಲ್ಲು ಹೇರಿ. ಬರಿಗೈಯಲ್ಲಿ ಮುಟ್ಟಬೇಡಿ, ಸೋಪು ಹಾಕಿ ಕೈ ತೊಳೆಯಿರಿ. ಬ್ರೂಸೆಲ್ಲಾ ಮನುಷ್ಯರಿಗೂ ಬರುತ್ತದೆ: ಬಿಟ್ಟು ಬಿಟ್ಟು ಬರುವ ಜ್ವರ, ತಿಂಗಳುಗಟ್ಟಲೆ ಕೀಲುನೋವು. ಹಾಲು ಕಾಯಿಸಿಯೇ ಕುಡಿಯಿರಿ. ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. 4ರಿಂದ 8 ತಿಂಗಳೊಳಗಿನ ಹೆಣ್ಣು ಕರುವಿಗೆ ಬ್ರೂಸೆಲ್ಲಾ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ, ಕೇಳಿ ಹಾಕಿಸಿಕೊಳ್ಳಿ. ಮೇವಿನ ಮನೆಗೆ ನಾಯಿ ಬಿಡಬೇಡಿ. ಹಾಗಂತ ನಾಯಿಯನ್ನು ಹೊಡೆದು ಓಡಿಸಬೇಡಿ. ಅದಕ್ಕೆ ಹೊಟ್ಟೆಗೆ ಹಾಕಿ, ಜಂತುಹುಳದ ಔಷಧಿ ಕೊಡಿಸಿ.

ಇಷ್ಟು ನಮ್ಮ ಕೆಲಸ. ಉಳಿದದ್ದು ಸರ್ಕಾರದ ಕೆಲಸ. ರೋಗ ಖಚಿತವಾದ ಹಸುವಿಗೆ ಪರಿಹಾರ ಕೊಡಲಿ, ಆಗ ಯಾವ ರೈತನೂ ಅದನ್ನು ಮುಚ್ಚಿಟ್ಟು ಮಾರುವುದಿಲ್ಲ. ಹಾಲಿನ ಬೆಲೆ ಕಟ್ಟುವಾಗ ಹಿಂಡಿ, ಹುಲ್ಲಿನ ಜೊತೆಗೆ ಕಂದು ಹಾಕಿದ ಹಸುವಿನ ಬರಡು ವರ್ಷವನ್ನೂ ಖರ್ಚಿಗೆ ಸೇರಿಸಲಿ. ಕೇಳುವುದು ನಮ್ಮ ಹಕ್ಕು. ಗುಂಡಿ ತೋಡುವುದಕ್ಕೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ.