ಸ್ಪೇನದ ಗೃಹಕಲಹವೂ ಜಗತ್ತಿನ ಬಲಾಬಲವೂ

(ಊರಿನ ವಾಚನಾಲಯದ ವ್ಯಾಖ್ಯಾನಮಾಲೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಉರಿಯುವ ಮನೆಯ ಗಳ ಹಿರಿಯುವುದೆಂದು ನಮ್ಮಲ್ಲೊಂದು ಮಾತುಂಟು. ಅಣ್ಣತಮ್ಮಂದಿರ ಕಲಹದಿಂದ ಮನೆಗೆ ಕಿಚ್ಚು ಬಿದ್ದಾಗ ಒಬ್ಬ ನೆರೆಯವನು ಗಳ ಹಿರಿಯಲು ಓಡಿಬರುತ್ತಾನೆ. ಮತ್ತೊಬ್ಬನು 'ಪರರ ಮನೆಯ ಗೊಡವೆ ನಮಗೇಕೆ?' ಎಂದು ಕದವಿಕ್ಕಿಕೊಳ್ಳುತ್ತಾನೆ. ೧೯೩೬ರಿಂದ ೧೯೩೯ರ ವರೆಗೆ ಸ್ಪೇನ ದೇಶದಲ್ಲಿ ನಡೆದ ಗೃಹಯುದ್ಧದ ಕಥೆಯು ಇಂತಹುದೇ. ಗಳ ಹಿರಿದವರನ್ನು ಜಗತ್ತು ಸಾಕಷ್ಟು ನಿಂದಿಸಿದೆ. ಕದವಿಕ್ಕಿಕೊಂಡವರ ವಿಚಾರವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಲಹದ ಮೂಲವು ಸ್ಪೇನದೊಳಗಿನದೇ ಆಗಿತ್ತು. ಒಂದು ಕಡೆಗೆ ದೊಡ್ಡ ಜಮೀನುದಾರರು, ಮಠಾಧಿಪತಿಗಳು, ಸೇನಾಧಿಕಾರಿಗಳು; ಇನ್ನೊಂದು ಕಡೆಗೆ ತುಂಡು ಭೂಮಿಯೂ ಇಲ್ಲದ ಕೂಲಿಕಾರರು, ಗಿರಣಿಯ ಕಾರ್ಮಿಕರು; ಇವರೊಡನೆ ತಮ್ಮ ನುಡಿಯನ್ನೂ ನಾಡಿನ ಆಡಳಿತವನ್ನೂ ಉಳಿಸಿಕೊಳ್ಳಬಯಸಿದ ಕ್ಯಾಟಲನ್ ಮತ್ತು ಬಾಸ್ಕ ಜನರು. ೧೯೩೬ರ ಫೆಬ್ರುವರಿಯ ಚುನಾವಣೆಯಲ್ಲಿ ಎಡಪಕ್ಷಗಳ ಒಕ್ಕೂಟವು ಗೆದ್ದಿತು. ಜುಲೈ ೧೭ರಂದು ಸ್ಪೇನದ ವಶದಲ್ಲಿದ್ದ ಮೊರೊಕ್ಕೊದಲ್ಲಿ ಸೈನ್ಯವು ಬಂಡೆದ್ದಿತು. ಆದರೆ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಗರಗಳು ಬಂಡಾಯಗಾರರ ಕೈಗೆ ಸಿಕ್ಕಲಿಲ್ಲ. ನೌಕಾಬಲದ ಹೆಚ್ಚಿನ ಭಾಗವು ಸರಕಾರದ ಪಕ್ಷದಲ್ಲಿಯೇ ನಿಂತಿತು. ಸೇನಾಪತಿ ಫ್ರಾಂಕೋನ ಬಲಿಷ್ಠ ದಳವು ಸಮುದ್ರದ ಆಚೆಯ ದಡದಲ್ಲಿಯೇ ಸಿಕ್ಕಿಬಿದ್ದಿತು. ಆಗ ಜರ್ಮನಿ ಇಟಲಿಗಳ ವಿಮಾನಗಳು ಬಂದು ಆ ದಳವನ್ನು ಜಲಸಂಧಿಯ ಮೇಲಿಂದ ದಾಟಿಸಿದವು. ಗೃಹಕಲಹವು ಗೃಹದ ಹೊಸ್ತಿಲನ್ನು ದಾಟಿದ್ದು ಅಂದೇ.

ಬಂದವರಿಗೆಲ್ಲ ತಮ್ಮ ತಮ್ಮ ಉದ್ದೇಶವಿತ್ತು. ಹಿಟ್ಲರನಿಗೆ ಸ್ಪೇನದ ಕಬ್ಬಿಣದ ಅದಿರು ಬೇಕಾಗಿತ್ತು. ಹೊಸ ವಿಮಾನದಳದ ಪರೀಕ್ಷೆಯೂ ಆಗಬೇಕಾಗಿತ್ತು. ೧೯೩೭ರ ಏಪ್ರಿಲ್ ೨೬ರಂದು ಆ ವಿಮಾನಗಳು ಇಟಲಿಯ ವಿಮಾನಗಳೊಡನೆ ಕೂಡಿ ಬಾಸ್ಕ ಜನರ ಪುರಾತನ ಸಭಾಸ್ಥಾನವಾದ ಗೆರ್ನಿಕಾ ಪಟ್ಟಣವನ್ನು ಸುಟ್ಟುಹಾಕಿದವು. ಅಂದು ಸೋಮವಾರ, ಸಂತೆಯ ದಿನ. ಮುಸೋಲಿನಿಯು ಭೂಮಧ್ಯ ಸಮುದ್ರದ ಒಡೆತನದ ಆಸೆಯಿಂದ ಒಟ್ಟು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಳುಹಿಸಿದನು. ಸೋವಿಯೆಟ್ ರಶಿಯಾವು ಸರಕಾರದ ಪಕ್ಷಕ್ಕೆ ಟ್ಯಾಂಕು ವಿಮಾನಗಳನ್ನು ಕೊಟ್ಟಿತು. ಆದರೆ ಪುಕ್ಕಟೆಯಾಗಿ ಅಲ್ಲ. ಸ್ಪೇನದ ಭಾಂಡಾರದಿಂದ ಸುಮಾರು ೫೧೦ ಟನ್ ಬಂಗಾರವು ಮಾಸ್ಕೋಗೆ ಹೋಯಿತು. ಏನನ್ನೂ ಬೇಡದೆ ಬಂದವರೆಂದರೆ ಐವತ್ತಕ್ಕೂ ಹೆಚ್ಚು ದೇಶಗಳ ಸುಮಾರು ೩೫,೦೦೦ ಸ್ವಯಂಸೇವಕರು. ಅವರಲ್ಲಿ ಸಾವಿರಾರು ಜನರು ಅಲ್ಲಿಯೇ ಮಣ್ಣಾದರು.

ಇನ್ನು ಕದವಿಕ್ಕಿಕೊಂಡವರು. ಫ್ರಾನ್ಸ್ ಮತ್ತು ಇಂಗ್ಲಂಡಗಳ ಮುಂದಾಳುತನದಲ್ಲಿ ೧೯೩೬ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ 'ಹಸ್ತಕ್ಷೇಪನಿಷೇಧ ಸಮಿತಿ'ಯು ಸೇರಿತು. ಇಪ್ಪತ್ತೇಳು ರಾಜ್ಯಗಳು ಒಪ್ಪಿಗೆಯಿತ್ತವು. ಜರ್ಮನಿ, ಇಟಲಿ, ರಶಿಯಾಗಳೂ ಒಪ್ಪಿದವು! ನ್ಯಾಯಶಾಸ್ತ್ರವನ್ನು ಓದಿದ ನನಗೆ ಈ ಒಡಂಬಡಿಕೆಯು ಬಹಳ ವಿಚಿತ್ರವಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ರೂಢಿಯ ಪ್ರಕಾರ ಮನ್ನಣೆ ಪಡೆದ ಸರಕಾರಕ್ಕೆ ಆಯುಧಗಳನ್ನು ಕೊಳ್ಳುವ ಹಕ್ಕುಂಟು, ಬಂಡಾಯಗಾರರಿಗೆ ಇಲ್ಲ. ಈ ಸಮಿತಿಯು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಇಬ್ಬರಿಗೂ ನಿಷೇಧವನ್ನು ವಿಧಿಸಿತು. ಒಬ್ಬನ ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಇಬ್ಬರ ತಲೆಬಾಗಿಲಿಗೂ ಬೀಗ ಹಾಕುವುದು ಸಮಾನತೆಯಾಗಲಾರದು. ಹೊಣೆಗಾರರ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ೧೯೧೪ರ ಮಹಾಯುದ್ಧದ ನೆನಪು ಇನ್ನೂ ಹಸಿಯಾಗಿತ್ತು, ಫ್ರಾನ್ಸಿನಲ್ಲಿಯೇ ಒಳಜಗಳವಿತ್ತು. ಆದರೆ ಭಯದಿಂದ ಹುಟ್ಟಿದ ತಾಟಸ್ಥ್ಯವು ಬಲವಂತನ ಪಕ್ಷಪಾತಿಯೇ ಆಗುವುದು.

ಇದರ ಫಲಗಳು ಸ್ಪೇನದ ಎಲ್ಲೆಯೊಳಗೆ ನಿಲ್ಲಲಿಲ್ಲ. ೧೯೩೪ರಲ್ಲಿ ಆಸ್ಟ್ರಿಯಾದ ರಕ್ಷಣೆಗೆಂದು ಹಿಟ್ಲರನ ಎದುರಿಗೆ ಗಡಿಗೆ ಸೈನ್ಯವನ್ನು ಕಳುಹಿಸಿದ ಮುಸೋಲಿನಿಯು, ೧೯೩೬ರ ನವೆಂಬರಿನಲ್ಲಿ ರೋಮ್-ಬರ್ಲಿನ್ 'ಅಕ್ಷ'ದ ಮಾತನಾಡಿದನು. ೧೯೩೮ರ ಮಾರ್ಚಿನಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿದಾಗ ಬಾಯಿಬಿಡಲಿಲ್ಲ. ಎದುರಾಳಿಗಳು ಹಿಂಜರಿಯುವರೆಂಬ ಧೈರ್ಯವು ಹಿಟ್ಲರನಲ್ಲಿ ಬೇರೂರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಚೆಕೊಸ್ಲೊವಾಕಿಯಾದ ಅಂಗಚ್ಛೇದವಾಯಿತು. ಇಂಗ್ಲಂಡ-ಫ್ರಾನ್ಸುಗಳ ಮೇಲೆ ರಶಿಯಾಕ್ಕೆ ಮೊದಲೇ ಅಲ್ಪವಾಗಿದ್ದ ನಂಬಿಕೆಯು ಇನ್ನೂ ಕುಗ್ಗಿತು. ೧೯೩೯ರ ಆಗಸ್ಟ್ ೨೩ರಂದು ಅದು ಜರ್ಮನಿಯೊಡನೆಯೇ ಒಪ್ಪಂದ ಮಾಡಿಕೊಂಡಿತು. ಸ್ಪೇನದ ಯುದ್ಧವು ಏಪ್ರಿಲ್ ೧ರಂದು ಮುಗಿದಿತ್ತು. ಐದು ತಿಂಗಳಲ್ಲಿ ಮಹಾಯುದ್ಧವು ಬಂದಿತು. ಅದಕ್ಕೆ ಸ್ಪೇನವೊಂದೇ ಕಾರಣವೆಂದು ನಾನು ಹೇಳೆನು. ಆದರೆ ಯಾರು ಯಾರ ಕಡೆಗೆ ನಿಲ್ಲುವರು, ಯಾರು ಹೆದರುವರು ಎಂಬ ಲೆಕ್ಕವನ್ನು ಆ ಪಾಟಿಯ ಮೇಲೆಯೇ ಬರೆದು ನೋಡಲಾಯಿತು.

ಲೆಕ್ಕವು ತಪ್ಪುವುದೂ ಉಂಟು. ೧೯೪೦ರ ಅಕ್ಟೋಬರ ೨೩ರಂದು ಹೆಂಡಾಯೆಯಲ್ಲಿ ಹಿಟ್ಲರನು ಫ್ರಾಂಕೋನನ್ನು ಯುದ್ಧಕ್ಕೆ ಕರೆದನು. ಸ್ಪೇನವು ಹಸಿದು ಬಸವಳಿದಿತ್ತು. ಫ್ರಾಂಕೋನು ಕೇಳಿದ ಬೆಲೆಯು ಹಿಟ್ಲರನಿಗೆ ದುಬಾರಿಯಾಯಿತು. ಸ್ಪೇನವು ಹೊರಗುಳಿಯಿತು, ಜಿಬ್ರಾಲ್ಟರ್ ಆಂಗ್ಲರ ಕೈಯಲ್ಲಿಯೇ ಉಳಿಯಿತು. ಮುಂದೆ ೧೯೪೬ರಲ್ಲಿ ಸಂಯುಕ್ತ ರಾಷ್ಟ್ರಸಂಘವು ದೂರವಿಟ್ಟ ಅದೇ ಫ್ರಾಂಕೋನೊಡನೆ, ರಶಿಯಾದ ಮೇಲಿನ ಪೈಪೋಟಿಗಾಗಿ, ಅಮೆರಿಕೆಯು ೧೯೫೩ರಲ್ಲಿ ಸೈನ್ಯನೆಲೆಗಳ ಕರಾರು ಮಾಡಿಕೊಂಡಿತು. ಕ್ಯಾಟಲನ್ ಜನರು ೧೯೩೨ರಲ್ಲಿ ಪಡೆದು ೧೯೩೮ರಲ್ಲಿ ಫ್ರಾಂಕೋನ ಆಜ್ಞೆಯಿಂದ ಕಳೆದುಕೊಂಡ ಪ್ರಾಂತಾಧಿಕಾರವು ಶಾಸನದ ಮೂಲಕ ತಿರುಗಿ ದೊರೆತದ್ದು ೧೯೭೯ರಲ್ಲಿ. ದೊಡ್ಡವರ ಚದುರಂಗದಲ್ಲಿ ಚಿಕ್ಕ ನಾಡುಗಳ ನುಡಿಗೆ ನಾಲ್ವತ್ತು ವರ್ಷಗಳ ಮೌನ.

ನಮ್ಮವರು ಇದನ್ನು ಅಂದೇ ಕಂಡಿದ್ದರು. ೧೯೩೮ರ ಜೂನಿನಲ್ಲಿ ಪಂಡಿತ ಜವಾಹರಲಾಲ ನೆಹರೂ ಅವರು ಬಾರ್ಸಿಲೋನಾಕ್ಕೆ ಹೋಗಿ, ಬಾಂಬುಗಳು ಬೀಳುತ್ತಿದ್ದ ಆ ನಗರದಲ್ಲಿ ಐದು ದಿನ ಇದ್ದರು. ಸ್ವತಃ ಪರಾಧೀನರಾಗಿದ್ದವರು ಪರರ ಸ್ವಾತಂತ್ರ್ಯವನ್ನು ತಮ್ಮದೆಂದೆಣಿಸಿದರು.

ಮಹನೀಯರೇ, ದೂರದ ದೇಶದ ಒಳಜಗಳದ ವಾರ್ತೆಯು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅದನ್ನೋದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ತಮ್ಮ ವಿದ್ಯಾರ್ಥಿಗಳಿಗೂ ಕಲಿಸಿರಿ. ಆಯುಧಗಳು ಎಲ್ಲಿಂದ ಬರುತ್ತಿವೆ? ಅವುಗಳ ಬೆಲೆಯನ್ನು ಯಾರು, ಯಾವ ರೂಪದಲ್ಲಿ ತೆರುತ್ತಿದ್ದಾರೆ? 'ನಾವು ತಟಸ್ಥರು' ಎನ್ನುವವರ ತಾಟಸ್ಥ್ಯದಿಂದ ಯಾರಿಗೆ ಲಾಭ? ಹಾಗೆಯೇ ನಮ್ಮ ಮನೆಯ ಕಡೆಗೂ ಒಂದು ಕಣ್ಣಿರಲಿ. ಕೂಲಿಕಾರನಿಗೆ ನೆಲವನ್ನೂ ನಾಡಿಗೆ ಅದರ ನುಡಿಯನ್ನೂ ನ್ಯಾಯದಿಂದ ಕೊಟ್ಟ ಮನೆಯಲ್ಲಿ ಕಿಚ್ಚು ಸುಲಭವಾಗಿ ಹತ್ತುವುದಿಲ್ಲ. ಗಳ ಹಿರಿಯುವವನಿಗೆ ಅಲ್ಲಿ ಕೆಲಸವಿರುವುದಿಲ್ಲ.