ಲಾರಿ ನಿಲ್ಲುವ ತಾಣಗಳು

ಬಳ್ಳಾರಿಯಿಂದ ಹಿರಿಯೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ, ಹಾನಗಲ್‌ಗಳನ್ನು ದಾಟಿ ತಳುಕು, ಚಳ್ಳಕೆರೆಗಳನ್ನು ಹಾಯುವುದರಿಂದ, ದೂರ ಪಯಣದ ಲಾರಿ ಚಾಲಕರ ನೆನಪಿನಲ್ಲಿ ಈ ಊರುಗಳಿಗೆ ಅವುಗಳದೇ ಸ್ಥಾನವಿದೆ. ಡಾಬಾ, ಅಂದರೆ ಮುಂದೆ ಲಾರಿ ನಿಲ್ಲುವಷ್ಟು ಬಯಲಿರುವ ರಸ್ತೆಬದಿಯ ಊಟದ ಮನೆ, ಚಾಲಕನಿಗೆ ಪ್ರಿಯವಾಗುವುದು ಕೇವಲ ರುಚಿಯಿಂದಲ್ಲ; ಸ್ನಾನಕ್ಕೆ ನೀರು, ಮಲಗಲು ಹಗ್ಗದ ಮಂಚ, ಸರಕಿನ ಮೇಲೆ ಕಣ್ಣಿಡುವ ಪರಿಚಿತರು ಇದ್ದರೆ ಸಾರು ತುಸು ಸಪ್ಪೆಯಾದರೂ ಅವನು ಅಲ್ಲಿಗೇ ಮರಳುತ್ತಾನೆ.

ಚಾಲಕನ ಇಂಥ ವಿರಾಮಕ್ಕೆ ಕಾನೂನಿನ ಲೆಕ್ಕವೂ ಉಂಟು. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 5 ಗಂಟೆಗಳ ದುಡಿಮೆಯ ಬಳಿಕ ಅರ್ಧ ಗಂಟೆಯ ವಿಶ್ರಾಂತಿಯನ್ನು ವಿಧಿಸಿತು. ಸ್ಪೇನ್ ಸೇರಿದಂತೆ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ವಿರಮಿಸಬೇಕಿದ್ದು, ಚಾಲನೆಯ ವೇಳೆಯನ್ನು ದಾಖಲಿಸುವ ಟ್ಯಾಕೋಗ್ರಾಫ್ ಎಂಬ ಉಪಕರಣ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಈ ಬಯಲುಸೀಮೆಯಲ್ಲಿ ವಿರಾಮದ ಲೆಕ್ಕ ಬಹುಮಟ್ಟಿಗೆ ಹಸಿವು, ನಿದ್ದೆಗಳದ್ದೇ.

ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯಲ್ಲಿ ಸರಕಿಗಾಗಿ ಕಾಯುವ ಚಾಲಕ, ಕ್ಲೀನರ್‌ಗಳ ಸಂಜೆಯ ತಿಂಡಿಯೆಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಮಧ್ಯ ಕರ್ನಾಟಕದುದ್ದಕ್ಕೂ ಸಿಗುವ ಈ ಜೋಡಿಗೆ ಇಲ್ಲಿಯೂ ಗಿರಾಕಿಗಳು ತಪ್ಪುವುದಿಲ್ಲ.