ಮಹಿಳೆಯರನ್ನು ಎಬ್ಬಿಸಿ ನಡೆಸುವ ಆಟ

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವೀಡಿಯೋ ಗೇಮ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು, ಊಟಕ್ಕೆ ಕರೆದರೂ ಓಗೊಡದೆ ಮೊಬೈಲಿಗೆ ಅಂಟಿಕೊಂಡ ಹುಡುಗನ ಚಿತ್ರ. ಗೇಮ್ ಜನರನ್ನು ಕೂರಿಸಿಬಿಡುತ್ತದೆ ಎಂಬ ದೂರು ಸುಳ್ಳೇನಲ್ಲ. ಆದರೆ ಅದೇ ಗೇಮನ್ನು ಜನರನ್ನು ಎಬ್ಬಿಸುವುದಕ್ಕೂ ಬಳಸಬಹುದೇ? ಅದರಲ್ಲೂ, ಮೈದಾನವನ್ನಾಗಲಿ ಜಿಮ್ಮನ್ನಾಗಲಿ ತಮ್ಮದೆಂದು ಹೇಳಿಕೊಳ್ಳಲಾಗದ ನಮ್ಮ ಪಟ್ಟಣಗಳ ಮಹಿಳೆಯರನ್ನು?

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯು ಒಂದು ಅಧ್ಯಯನವನ್ನು ಪ್ರಕಟಿಸಿತು. ಅದರ ಪ್ರಕಾರ, 2022ರಲ್ಲಿ ಭಾರತದ ಪುರುಷರಲ್ಲಿ ಶೇ. 42 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿರಲಿಲ್ಲ. ಮಹಿಳೆಯರಲ್ಲಿ ಈ ಪ್ರಮಾಣ ಶೇ. 57. ದಿನವಿಡೀ ಮನೆಗೆಲಸ ಮಾಡುವವಳಿಗೆ ಬೇರೆ ವ್ಯಾಯಾಮವೇಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಈ ಲೆಕ್ಕದಲ್ಲಿ ಮನೆಗೆಲಸವನ್ನು ಬಿಟ್ಟಿಲ್ಲ ಎಂಬುದನ್ನು ಅವರು ಗಮನಿಸಬೇಕು. ಅದನ್ನು ಸೇರಿಸಿದ ಬಳಿಕವೂ ಸಿಕ್ಕ ಸಂಖ್ಯೆ ಇದು. ಮಿಕ್ಸಿ, ಗ್ಯಾಸ್, ನಳ್ಳಿ ನೀರು ಬಂದ ಮೇಲೆ ಮನೆಗೆಲಸದ ದಣಿವು ಹಾಗೆಯೇ ಉಳಿದಿದೆ. ದೇಹಕ್ಕೆ ಅದರಿಂದ ಸಿಗುತ್ತಿದ್ದ ಕಸುವು ಮಾತ್ರ ಉಳಿದಿಲ್ಲ.

ಇನ್ನು ಗೇಮಿನ ವಿಷಯಕ್ಕೆ ಬರುತ್ತೇನೆ. ಬ್ರಿಟನ್‌ನಲ್ಲಿ ನವೋಮಿ ಆಲ್ಡರ್‌ಮನ್ ಎಂಬ ಕಾದಂಬರಿಗಾರ್ತಿ ಇದ್ದಾರೆ. 2017ರಲ್ಲಿ ಅಲ್ಲಿನ ಪ್ರತಿಷ್ಠಿತ ಬೈಲೀಸ್ ಮಹಿಳಾ ಸಾಹಿತ್ಯ ಪ್ರಶಸ್ತಿ ಪಡೆದವರು. ಹೊಸದಾಗಿ ಓಡಲು ಕಲಿಯುವವರ ಗುಂಪೊಂದನ್ನು ಅವರು ಸೇರಿಕೊಂಡಿದ್ದರು. ನೀವೇಕೆ ಓಟ ಕಲಿಯಬಯಸುತ್ತೀರಿ ಎಂಬ ಪ್ರಶ್ನೆ ಬಂದಾಗ, ಝೋಂಬಿಗಳಿಂದ ತಪ್ಪಿಸಿಕೊಳ್ಳಲು ಎಂದು ಮಹಿಳೆಯೊಬ್ಬಳು ಉತ್ತರಿಸಿದಳಂತೆ. ಝೋಂಬಿ ಎಂದರೆ ಸತ್ತ ಮೇಲೂ ನಡೆದಾಡುವ ಕಾಲ್ಪನಿಕ ಹೆಣ. ಅದು ಬರೀ ತಮಾಷೆಯ ಮಾತು. ಆದರೆ ಲೇಖಕಿಯ ಕಿವಿಗೆ ಅದು ಕಥೆಯಾಗಿ ಕೇಳಿಸಿತು. ಲಂಡನ್ನಿನ ಸಿಕ್ಸ್ ಟು ಸ್ಟಾರ್ಟ್ ಎಂಬ ಸಣ್ಣ ಕಂಪೆನಿಯ ಏಡ್ರಿಯನ್ ಹೋನ್ ಜೊತೆ ಸೇರಿ ಅವರು 'ಝೋಂಬೀಸ್, ರನ್!' ಎಂಬ ಗೇಮನ್ನು ರೂಪಿಸಿದರು. 2011ರಲ್ಲಿ ಜನರಿಂದಲೇ ಹಣ ಸಂಗ್ರಹಿಸಲಾಯಿತು. ಕೇಳಿದ್ದು 12,500 ಡಾಲರ್, ಬಂದದ್ದು 72 ಸಾವಿರಕ್ಕೂ ಅಧಿಕ. 2012ರಲ್ಲಿ ಗೇಮ್ ಹೊರಬಂತು.

ಈ ಗೇಮಿನ ವಿಶೇಷವೇನೆಂದರೆ, ಇದರಲ್ಲಿ ಪರದೆಯನ್ನು ನೋಡುತ್ತಾ ಕೂರಬೇಕಿಲ್ಲ. ಫೋನ್ ಜೇಬಿನಲ್ಲಿ, ಇಯರ್‌ಫೋನ್ ಕಿವಿಯಲ್ಲಿ. ನೀವು ಪಾಳುಬಿದ್ದ ನಾಡಿನಲ್ಲಿ ಉಳಿದುಕೊಂಡಿರುವ ಪುಟ್ಟ ಊರೊಂದರ 'ಐದನೇ ಓಟಗಾರ'. ಆ ಊರಿಗೆ ಔಷಧಿ, ಆಹಾರ ತರುವ ಹೊಣೆ ನಿಮ್ಮದು. ನೀವು ನಡೆದಂತೆ ಕಥೆ ಮುಂದುವರಿಯುತ್ತದೆ, ಸಾಮಗ್ರಿ ಜಮೆಯಾಗುತ್ತದೆ. ನಡುವೆ ಝೋಂಬಿಗಳು ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಲೇಬೇಕು. ಐದನೇ ಓಟಗಾರ ಗಂಡೋ ಹೆಣ್ಣೋ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಕೇಳುವವಳು ಐವತ್ತು ದಾಟಿದ ಅಜ್ಜಿಯಾಗಿದ್ದರೆ ಓಟಗಾರ್ತಿಯೂ ಅವಳೇ. ಇಲ್ಲಿ ಬಹುಮಾನವು ತೆಳ್ಳಗಾಗುವುದಲ್ಲ. ಕಥೆಯ ಮುಂದಿನ ಕಂತು.

ಇದೇಕೆ ಮುಖ್ಯ? 2007ರ ಡಿಸೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯು 'ವೀ ಫಿಟ್' ಎಂಬ ಗೇಮನ್ನು ತಂದಿತ್ತು. ತೂಕದ ಯಂತ್ರದಂಥ ಹಲಗೆಯ ಮೇಲೆ ನಿಂತು ಯೋಗ, ಸಮತೋಲನದ ಕಸರತ್ತು ಮಾಡುವ ಈ ಗೇಮ್ 2 ಕೋಟಿಗೂ ಅಧಿಕ ಮಾರಾಟವಾಯಿತು. ಹೆಂಗಸರು, ಮುದುಕರು ಮನೆಯ ಚಾವಡಿಯಲ್ಲೇ ಬೆವರಿಳಿಸಿದರು. ಆದರೆ ಅದು ಎತ್ತರಕ್ಕೂ ತೂಕಕ್ಕೂ ತಾಳೆ ಹಾಕಿ, ನೀನು ದಪ್ಪ ಎಂದು ಮುಖಕ್ಕೆ ಹೇಳಿಬಿಡುತ್ತಿತ್ತು. 2008ರಲ್ಲಿ ಬ್ರಿಟನ್‌ನ 10 ವರ್ಷದ ಬಾಲಕಿಗೆ ಹಾಗೆ ಹೇಳಿದ್ದು ಸುದ್ದಿಯಾಗಿ, ಕಂಪೆನಿ ಕ್ಷಮೆ ಕೇಳಬೇಕಾಯಿತು. ಮದುವೆ ಮಾತುಕತೆಯಲ್ಲಿ ಹುಡುಗಿಯ ಮೈಯನ್ನು ಕಣ್ಣಲ್ಲೇ ಅಳೆಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಕೆಲಸಕ್ಕೆ ಒಂದು ಯಂತ್ರವೂ ಬೇಕೇ?

ಅದೇ ಕಂಪೆನಿ 2019ರಲ್ಲಿ ತಂದ 'ರಿಂಗ್ ಫಿಟ್ ಅಡ್ವೆಂಚರ್' ಇದಕ್ಕಿಂತ ಜಾಣತನದ್ದು. ಕೈಯಲ್ಲಿ ಒಂದು ಬಳೆಯಂಥ ಚಕ್ರ, ತೊಡೆಗೆ ಒಂದು ಪಟ್ಟಿ. ಚಕ್ರವನ್ನು ಒತ್ತಿ, ಎಳೆದು, ಬಸ್ಕಿ ಹೊಡೆದು ರಾಕ್ಷಸ ಡ್ರ್ಯಾಗನನ್ನು ಸೋಲಿಸಬೇಕು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದುದು ಒಂದು ಸಣ್ಣ ಏರ್ಪಾಡು. ನಿಂತಲ್ಲೇ ಓಡಿದರೆ ಕೆಳಮನೆಯವರಿಗೆ ಧಡಧಡ ಸದ್ದಾಗುತ್ತದಲ್ಲವೇ? ಅದಕ್ಕಾಗಿ ಓಟದ ಬದಲು ಸದ್ದಿಲ್ಲದೆ ಮೊಣಕಾಲು ಮಡಚುವ ವಿಧಾನವನ್ನೂ ಇಟ್ಟಿದ್ದಾರೆ. ಬಾಡಿಗೆ ಮನೆಯ ಮಹಡಿಯಲ್ಲಿ, ಅತ್ತೆ ಮಲಗಿರುವ ಕೋಣೆಯ ಪಕ್ಕದಲ್ಲಿ ವ್ಯಾಯಾಮ ಮಾಡುವವಳ ಕಷ್ಟವನ್ನು ಯಾರೋ ಯೋಚಿಸಿದ್ದಾರೆ. ಆದರೆ ಯಂತ್ರ, ಚಕ್ರ, ಗೇಮ್ ಎಲ್ಲವನ್ನೂ ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮನೆಗಳಿಗಿದೆ? ಆದ್ದರಿಂದ ನಮಗೆ ಹೊಂದುವುದು ಮನೆಯಲ್ಲಿ ಈಗಾಗಲೇ ಇರುವ ಫೋನ್, ಮತ್ತು ಕಿವಿಯಿಂದ ಕೇಳುವ ಕಥೆ.

ಎಷ್ಟು ಹೊತ್ತಿನ ಕಥೆ? ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಂದೊಂದು ಸಲವೂ ಕನಿಷ್ಠ 10 ನಿಮಿಷ ಇರಲೇಬೇಕೆಂಬ ಹಳೆಯ ನಿಯಮವನ್ನು ಆಗ ಕೈಬಿಟ್ಟಿತು. ಮಹಿಳೆಯರ ಪಾಲಿಗೆ ಇದು ದೊಡ್ಡ ಸುದ್ದಿ. ಅನ್ನ ಬೇಯುವ ಹೊತ್ತು, ಮಗು ಮಲಗಿದ ಹೊತ್ತು ಎಂದು ಅವರ ದಿನ ಚೂರುಚೂರಾಗಿ ಹಂಚಿಹೋಗಿರುತ್ತದೆ. ಗೇಮಿನ ಕಂತುಗಳೂ ಆ ಚೂರುಗಳ ಅಳತೆಗೇ ಇರಬೇಕು. ಟೆರೇಸು, ಅಂಗಳ, ಇಲ್ಲವೇ ಬಾಗಿಲು ಮುಚ್ಚಿದ ಒಂದು ಕೋಣೆಯಷ್ಟು ಜಾಗದಲ್ಲಿ ಆಡುವಂತಿರಬೇಕು.

ಒಂದು ಎಚ್ಚರಿಕೆಯೂ ಇದೆ. ಮೇಲೆ ಹೇಳಿದ ಏಡ್ರಿಯನ್ ಹೋನ್ ಅವರೇ 2022ರಲ್ಲಿ ಒಂದು ಪುಸ್ತಕ ಬರೆದು, ಅಂಕ ಮತ್ತು ಪದಕಗಳ ಆಸೆ ತೋರಿಸಿ ಜನರನ್ನು ಕುಣಿಸುವ ತಂತ್ರವನ್ನು ಕಟುವಾಗಿ ಟೀಕಿಸಿದ್ದಾರೆ. ಒಂದು ದಿನ ತಪ್ಪಿದರೆ ಗಳಿಸಿದ್ದೆಲ್ಲ ಶೂನ್ಯವಾಗುವ ಗೇಮ್‌ಗಳಿವೆ. ರಮಝಾನ್‌ನ ಉಪವಾಸ, ಬಾಣಂತನ, ಮನೆಯಲ್ಲೊಬ್ಬರಿಗೆ ಜ್ವರ, ಹೀಗೆ ತಪ್ಪುವ ದಿನಗಳು ಮಹಿಳೆಯ ಬದುಕಿನಲ್ಲಿ ಇದ್ದೇ ಇರುತ್ತವೆ. ಮರಳಿ ಬಂದಾಗ ಕಥೆಯು ಬಿಟ್ಟಲ್ಲಿಂದಲೇ ಶುರುವಾಗಬೇಕು. ಗೈರುಹಾಜರಿಗೆ ದಂಡ ಇರಬಾರದು.

ಕಂಪ್ಯೂಟರ್ ಓದುತ್ತಿರುವ ಹೆಣ್ಣುಮಕ್ಕಳು ಈ ಸಭೆಯಲ್ಲೇ ಇದ್ದಾರೆ. ಕಥೆ ಬರೆಯಬಲ್ಲವರೂ ಇದ್ದಾರೆ. ಕನ್ನಡದಲ್ಲೋ ಬ್ಯಾರಿಯಲ್ಲೋ ಉರ್ದುವಿನಲ್ಲೋ ಐದು ಕಂತುಗಳನ್ನು ಫೋನಿನಲ್ಲೇ ಧ್ವನಿಮುದ್ರಿಸಿ, ಮೊದಲು ಹತ್ತು ಮನೆಗಳಿಗೆ ಕೊಟ್ಟು ನೋಡಿ. ಯಾವ ಕಂತಿನಲ್ಲಿ ಕೇಳುಗರು ನಿಂತುಬಿಟ್ಟರು ಎಂದು ವಿಚಾರಿಸಿ, ಅದನ್ನು ತಿದ್ದಿ. ಆದರೆ ಆ ಹತ್ತು ನಿಮಿಷ ಅಳುವ ಮಗುವನ್ನು ಎತ್ತಿಕೊಳ್ಳುವ ಗೇಮನ್ನು ಯಾರೂ ತಯಾರಿಸಿಲ್ಲ. ಹಿಂದಿನ ಸಾಲುಗಳಲ್ಲಿ ಕುಳಿತಿರುವ ಸಹೋದರರು ಆ ಕೆಲಸವನ್ನು ಇಂದಿನಿಂದಲೇ ವಹಿಸಿಕೊಳ್ಳಬೇಕೆಂದು ಕೋರುತ್ತೇನೆ.